ಮೆನು ಮುಟ್ಟದೆ ಫೈನಲ್ ಫ್ಯಾಂಟಸಿ 12 ಮುಗಿಸಿದ್ದು: ನನ್ನ ಅನುಭವ

ಯಿಯಾಜ್‌ಮಾಟ್ ಬಿತ್ತು. ಈ ವಿಡಿಯೋ ಗೇಮ್‌ನಲ್ಲಿ ಐದು ಕೋಟಿಗೂ ಮೇಲೆ ಎಚ್‌ಪಿ (ಜೀವಬಲ) ಇರುವ ಆ ಡ್ರ್ಯಾಗನ್ ಅನ್ನು ಒಂದೇ ಒಂದು ಕಮಾಂಡ್ ಕೊಡದೆ ಬೀಳಿಸಿದ್ದೇನೆ. ನಾನು ಮುಟ್ಟಿದ್ದು ಕಂಟ್ರೋಲರ್‌ನ ಎಡಗಡೆಯ ಸ್ಟಿಕ್ ಮಾತ್ರ. ಉಳಿದದ್ದೆಲ್ಲ ಗ್ಯಾಂಬಿಟ್‌ಗಳ ಕೆಲಸ, ಅಂದರೆ "ಹೀಗಾದರೆ ಹೀಗೆ ಮಾಡು" ಅಂತ ಪಾತ್ರಗಳಿಗೆ ಮೊದಲೇ ಬರೆದಿಡುವ ಸಾಲುಗಳದು. "ಆಗಲ್ಲ ಬಿಡು, ಆ ದೈತ್ಯ ಎಲ್ಡರ್ ವರ್ಮ್ ಹತ್ರಾನೇ ಸಿಕ್ಕಿಹಾಕ್ಕೊಳ್ತೀಯ" ಅಂದಿದ್ದ ಗೆಳೆಯರು ಇದನ್ನು ಓದಲಿ, ಸ್ವಲ್ಪ ಹೊಟ್ಟೆ ಉರಿದುಕೊಳ್ಳಲಿ.

ಆಟ ಗೊತ್ತಿರುವವರಿಗೇ ಬರೆಯುತ್ತಿದ್ದೇನೆ, ಹಾಗಾಗಿ ಗ್ಯಾಂಬಿಟ್ ಬಗ್ಗೆ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನನ್ನ ನಿಯಮ ಇಷ್ಟೇ: ಜಗಳ ಶುರುವಾದ ಮೇಲೆ ಮೆನು ತೆಗೆಯುವಂತಿಲ್ಲ. ನಡೆಯಬಹುದು, ಓಡಬಹುದು. ಗ್ಯಾಂಬಿಟ್ ತಿದ್ದುವುದೇನಿದ್ದರೂ ಮೊದಲೇ. ಇದರಿಂದ ಕ್ವಿಕನಿಂಗ್ (ವಿಶೇಷ ದಾಳಿ) ಕೈಬಿಟ್ಟುಹೋಯಿತು, ಎಸ್ಪರ್‌ಗಳೂ (ಸೋಲಿಸಿದ ಮೇಲೆ ಸಹಾಯಕ್ಕೆ ಕರೆಯಬಹುದಾದ ಜೀವಿಗಳು) ಹೋದವು, ಅವೆರಡನ್ನೂ ಗ್ಯಾಂಬಿಟ್ ಸಾಲಿಗೆ ಹಾಕಲು ಬರುವುದಿಲ್ಲವಲ್ಲ. 13 ಎಸ್ಪರ್‌ಗಳನ್ನೂ ಗೆದ್ದೆ, ಒಂದನ್ನೂ ಕರೆಯಲಿಲ್ಲ.

ಆಡಿದ್ದು ಜೋಡಿಯಾಕ್ ಏಜ್ ಅನ್ನುವ ಹೊಸ ಆವೃತ್ತಿ, ಪಿಸಿಯಲ್ಲಿ. ಮೂಲ ಆಟ 2006ರದು, ಪ್ಲೇಸ್ಟೇಷನ್ 2ರದು. ಹಾಗಾಗಿ ನನ್ನ ಹಳೇ ಲ್ಯಾಪ್‌ಟಾಪ್ ಕೂಡ ಜಾಸ್ತಿ ಗೊಣಗಲಿಲ್ಲ. ಸೇಲ್‌ನಲ್ಲಿ ಸಾವಿರದ ಚಿಲ್ಲರೆಗೆ ಸಿಕ್ಕಿದ ನೆನಪು. ಹಳೇ ಆವೃತ್ತಿಯಲ್ಲಿ ಒಂದು ಏಟಿಗೆ 9999 ಮಿತಿ ಇತ್ತು, ಇದರಲ್ಲಿ ಇಲ್ಲ. ನಾಲ್ಕು ಪಟ್ಟು ವೇಗದ ಬಟನ್ ಬೇರೆ ಇದೆ. ಅದೂ ಮೋಸ ಅಂತ ಒಬ್ಬ ವಾದ ಮಾಡಿದ. ಮಾಡಲಿ. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡುವವನಿಗೆ ಆ ಬಟನ್ ಇಲ್ಲದಿದ್ದರೆ ಈ ಆಟ ನಿವೃತ್ತಿಯ ನಂತರವೇ ಮುಗಿಯುವುದು.

ಮೊದಲ ತಲೆನೋವು ದುಡ್ಡಿನದು. ಇಲ್ಲಿ ತೋಳ ಸತ್ತರೆ ಚರ್ಮ ಬೀಳುತ್ತದೆ, ಗಿಲ್ (ಆಟದ ದುಡ್ಡು) ಬೀಳುವುದಿಲ್ಲ. ಗ್ಯಾಂಬಿಟ್‌ಗೆ ದುಡ್ಡು, ಮ್ಯಾಜಿಕ್‌ಗೆ ದುಡ್ಡು, ಸಾಲು ಹೆಚ್ಚಿಸಲು ಲೈಸೆನ್ಸ್ ಪಾಯಿಂಟ್. ಎಲ್ಲರಿಗೂ ಗೊತ್ತಿರುವ ಉಪಾಯ "ಶತ್ರು: ಎಚ್‌ಪಿ 100% → ಸ್ಟೀಲ್", ಅಂದರೆ ಇನ್ನೂ ಏಟು ತಿನ್ನದ ಶತ್ರುವಿನಿಂದ ಕದಿ ಅಂತ. ಒಬ್ಬನಿಗೆ ಮಾತ್ರ ಹಾಕಿದರೆ ಅವನು ಕೈ ಚಾಚುವಷ್ಟರಲ್ಲಿ ಉಳಿದಿಬ್ಬರು ಹೊಡೆದಿರುತ್ತಾರೆ, ಎಚ್‌ಪಿ ಇಳಿದಿರುತ್ತದೆ, ಕಳ್ಳತನ ಕ್ಯಾನ್ಸಲ್. ಮೂವರಿಗೂ ಹಾಕಿದರೆ ಇನ್ನೂ ಚೆಂದ. ಜೇಬು ಖಾಲಿಯಾದ ತೋಳದ ಸುತ್ತ ಮೂವರೂ ನಿಂತು ತಡಕಾಡುತ್ತಲೇ ಇರುತ್ತಾರೆ, ಅದು ಕಚ್ಚುತ್ತಲೇ ಇರುತ್ತದೆ. ರಾಬನಾಸ್ಟರ್ ನಗರದ ಕೋಟೆಯ ಹೊರಗೇ ಹೀಗೆ ಎಷ್ಟೋ ಸಲ ಸತ್ತಿದ್ದೇನೆ.

ಪರಿಹಾರ ನನ್ನ ಆರು ಜನರ ತಂಡದ ಬಾಲ್ತಿಯರ್‌ನ ಬಂದೂಕಿನಲ್ಲಿತ್ತು. ಬಂದೂಕು ತುಂಬಿಕೊಳ್ಳುವುದು ನಿಧಾನ. ವಾನ್‌ಗೂ ಪೆನೆಲೋಗೂ ಸ್ಟೀಲ್ ಸಾಲು ಕೊಟ್ಟೆ. ಬಾಲ್ತಿಯರ್‌ಗೆ ಬರೀ ಅಟ್ಯಾಕ್. ಅವನ ಗುಂಡು ಹಾರುವವರೆಗೆ ಇಬ್ಬರೂ ಒಂದೊಂದು ಸಲ ಕೈ ಹಾಕುತ್ತಾರೆ. ಗುಂಡು ತಗುಲಿತು, ಎಚ್‌ಪಿ ಇಳಿಯಿತು, ಇಬ್ಬರೂ ತಾವಾಗೇ ಕತ್ತಿ ಎತ್ತುತ್ತಾರೆ. ಆಮೇಲೆ ಕಾಸಿಗೆ ಪರದಾಡಿದ್ದಿಲ್ಲ. ಆರ್ಕೇಡ್ಸ್ ನಗರ ತಲುಪುವ ಹೊತ್ತಿಗೆ ಎರಡು ಮೂರು ಲಕ್ಷ ಗಿಲ್ ಇತ್ತೇನೋ. ಈ ಉಪಾಯ ಎಲ್ಲೂ ಓದಿದ್ದಲ್ಲ, ನಂದೇ.

ಮರಳುಗಾಡಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಎಲಿಮೆಂಟಲ್‌ಗಳು ಅನ್ನುವ ಮಾಂತ್ರಿಕ ಜೀವಿಗಳು ಸುಮ್ನೆ ತೇಲಿಕೊಂಡಿರುತ್ತವೆ, ನಾವಾಗೇ ಕೆಣಕದಿದ್ದರೆ ಏನೂ ಮಾಡಲ್ಲ. ಆದರೆ ಹತ್ತಿರದಲ್ಲಿ ಯಾರಾದರೂ ಮ್ಯಾಜಿಕ್ ಹಾಕಿದರೆ ಮುಗೀತು. ಕೈಯಲ್ಲಿ ಆಡುವವನು ನೋಡಿಕೊಂಡು ಹಾಕುತ್ತಾನೆ. ಗ್ಯಾಂಬಿಟ್‌ಗೆ ಕಣ್ಣಿಲ್ಲ. ಪೆನೆಲೋ ಯಾರದೋ ಗೀರು ಗಾಯಕ್ಕೆ ಕ್ಯೂರ್ ಮ್ಯಾಜಿಕ್ ಹಾಕಿದಳು, ಒಂದು ನಿಮಿಷದಲ್ಲಿ ಮೂವರೂ ಮಲಗಿದರು. ಆಮೇಲೆ ಬಯಲಿನಲ್ಲಿ ಓಡಾಡುವಾಗ ಪೋಷನ್ (ಔಷಧಿ) ಸೆಟ್, ಗುಹೆಗಳಲ್ಲಿ ಮ್ಯಾಜಿಕ್ ಸೆಟ್. ಒಂದು ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿಟ್ಟುಕೊಂಡು, ಪ್ರತಿ ಗಡಿಯಲ್ಲೂ ಸಾಲುಗಳನ್ನು ಬದಲಾಯಿಸುತ್ತಿದ್ದೆ. ಬೇಜಾರಿನ ಕೆಲಸ, ಆದರೆ ಅಲ್ಲಿಂದ ಮುಂದೆ ಎಲಿಮೆಂಟಲ್ ಕಾಟ ಇರಲಿಲ್ಲ.

ರೇತ್‌ವಾಲ್ ಸಮಾಧಿಯ ಮೊದಲ ಡೀಮನ್ ವಾಲ್ ಅನ್ನುವ ಗೋಡೆ ರಾಕ್ಷಸನಿಂದ ಓಡಿಹೋದೆ, ಬಹಳ ದಿನ ಬಿಟ್ಟು ಬಂದು ಸೇಡು ತೀರಿಸಿಕೊಂಡೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಎಲ್ಡರ್ ವರ್ಮ್ ಮಾತ್ರ ಗೆಳೆಯರು ಹೇಳಿದಷ್ಟೇ ಕಷ್ಟ. ಗೋಲ್ಮೋರ್ ಕಾಡು, ಪಕ್ಕದಲ್ಲಿ ಎರಡು ಟ್ರೀಯಂಟ್ (ಮರದ ರಾಕ್ಷಸರು), ಮೇಲಿಂದ ಸ್ಪೋರ್‌ಫಾಲ್. ಆ ಒಂದು ಏಟಿಗೆ ನಿದ್ದೆ, ಗೊಂದಲ, ಕುರುಡು, ವಿಷ ಎಲ್ಲಾ ಒಟ್ಟಿಗೆ. ನಿದ್ದೆಯಲ್ಲಿರುವವನ ಗ್ಯಾಂಬಿಟ್ ನಡೆಯುವುದಿಲ್ಲ, ತಲೆ ಕೆಟ್ಟವನ ಗ್ಯಾಂಬಿಟ್ ನಂಬುವ ಹಾಗಿಲ್ಲ. ಸ್ಥಿತಿಗೊಂದು ಔಷಧಿಯ ಸಾಲು ಹಾಕಿದೆ. ಅಲಾರಂ ಕ್ಲಾಕ್, ಸ್ಮೆಲ್ಲಿಂಗ್ ಸಾಲ್ಟ್, ಕಣ್ಣಿನ ಡ್ರಾಪ್ಸ್. ಹಾಕಬೇಕಾದವರೇ ಮಲಗಿದ್ದರೆ ಏನು ಪ್ರಯೋಜನ? ಒಂದು ವಾರ ಪೂರ್ತಿ ಇಲ್ಲೇ ಕಳೆದಿರಬೇಕು.

ಆಗ ಹೊಳೆದದ್ದು: ನನ್ನ ಕೈಯಲ್ಲಿ ಸ್ಟಿಕ್ ಇದೆ! ಫ್ರಾನ್‌ಳನ್ನು ಲೀಡರ್ ಮಾಡಿ (ಸ್ಟಿಕ್ಕಿಗೆ ಓಡುವುದು ಲೀಡರ್ ಮಾತ್ರ), ಕೈಗೆ ಬಿಲ್ಲು ಕೊಟ್ಟು, ದೂರದಲ್ಲಿ ನಿಲ್ಲಿಸಿದೆ. ಸ್ಪೋರ್‌ಫಾಲ್ ಬಿದ್ದ ಮೇಲೆ ಓಡಿಹೋಗಿ ಮೊದಲು ಗೊಂದಲದವನಿಗೆ, ಆಮೇಲೆ ಮಲಗಿದವನಿಗೆ ಔಷಧಿ. ಮತ್ತೆ ಹಿಂದಕ್ಕೆ. ಸಾಲಿನ ಕ್ರಮ ಇದೇ ಇರಬೇಕು. ಮಲಗಿದವನನ್ನು ಮೊದಲು ಎಬ್ಬಿಸಿದರೆ ತಲೆ ಕೆಟ್ಟವನು ಅಷ್ಟರಲ್ಲಿ ನಿಮಗೇ ಹೊಡೆದಿರುತ್ತಾನೆ. ವಿಷ, ಕುರುಡು ಕೊನೆಗೆ. ಗೆದ್ದಾಗ ಔಷಧಿ ಚೀಲ ಬರಿದು, ಮೂವರಲ್ಲಿ ಒಬ್ಬರೇ ಬದುಕಿದ್ದದ್ದು. ಗೆಲುವು ಗೆಲುವೇ ಅಲ್ವಾ?

ಇಷ್ಟು ಓಡಾಡಿದ್ದರ ಫಲ ಕಂಟ್ರೋಲರ್ ಅನುಭವಿಸಿತು. ಬರೀ ಎಡ ಸ್ಟಿಕ್ ತಿರುಗಿಸಿ ತಿರುಗಿಸಿ ಅದು ತಾನಾಗೇ ಎಡಕ್ಕೆ ಎಳೆಯತೊಡಗಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಆರುನೂರೋ ಏಳುನೂರೋ ಕೊಟ್ಟು ರಿಪೇರಿ ಮಾಡಿಸಿದೆ. ತಿಂಗಳೊಳಗೆ ಮತ್ತೆ ಅದೇ ಕಥೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡೆ. ಆಟಕ್ಕಿಂತ ಸ್ಟಿಕ್ಕಿಗೇ ಜಾಸ್ತಿ ಖರ್ಚು.

ನಡುವೆ ಒಂದೆರಡು ಚೇಷ್ಟೆಗಳು. ವೆಸ್ಟರ್‌ಸ್ಯಾಂಡ್ ಮರಳುಗಾಡಿನ ಡಸ್ಟಿಯಾ ಅನ್ನುವ ಶತ್ರು ಗೊತ್ತಲ್ಲ, ನಮ್ಮ ಎಚ್‌ಪಿ ಹತ್ತನೇ ಒಂದು ಭಾಗಕ್ಕಿಂತ ಕೆಳಗಿದ್ದರೆ ಮಾತ್ರ ಬರುವುದು. ಅನ್‌ಡೆಡ್ (ಸತ್ತೂ ಓಡಾಡುವಂಥದ್ದು) ಆದ್ದರಿಂದ ಅದನ್ನು ಕೊಲ್ಲಲು, ಸತ್ತವರನ್ನು ಎಬ್ಬಿಸುವ ಫೀನಿಕ್ಸ್ ಡೌನ್ ಗರಿ ಒಂದು ಸಾಕು. ಇದನ್ನೂ ಗ್ಯಾಂಬಿಟ್‌ನಿಂದ ಮಾಡಲು ಹೋದೆ. "ಹತ್ತಿರದ ಶತ್ರು → ಫೀನಿಕ್ಸ್ ಡೌನ್" ಅಂತ ಹಾಕಿದರೆ ದಾರಿಯಲ್ಲಿ ಸಿಕ್ಕ ತೋಳಗಳಿಗೆಲ್ಲ ವಾನ್ ಗರಿ ಎಸೆದ. ಒಂದಕ್ಕೆ 250 ಗಿಲ್! ಹೀಲ್ ಸಾಲು ತೆಗೆಯದಿದ್ದರೆ ವಾನ್ ತಾನೇ ಪೋಷನ್ ಕುಡಿದು ಎಚ್‌ಪಿ ಏರಿಸಿಕೊಳ್ಳುತ್ತಾನೆ, ಡಸ್ಟಿಯಾ ಬರುವುದೇ ಇಲ್ಲ. ಗೋಡೆ ಪಕ್ಕ ಯಾರಿಗೂ ತಾಗದೆ ನಡೆಯುವುದನ್ನು ಕಲಿತ ಮೇಲೆ ಕೆಲಸ ಮಾಡಿತು, ಐದಾರು ಲೆವೆಲ್ ಪುಕ್ಕಟೆ ಸಿಕ್ಕವು. ಔಷಧಿಗಳ ಪರಿಣಾಮವನ್ನು ತಿರುಗುಮುರುಗು ಮಾಡುವ ನಿಹೋಪಲಾವೋವಾ ತೊಡಿಸಿ ಬದುಕಿರುವ ಶತ್ರುಗಳಿಗೂ ಗರಿ ಎಸೆಸಿ ನೋಡಿದೆ. ತಮಾಷೆಯಾಗಿದೆ, ಜೇಬಿಗೆ ಒಳ್ಳೆಯದಲ್ಲ.

ಇನ್ನು ಯಿಯಾಜ್‌ಮಾಟ್. ರಿವರ್ಸ್ (ಏಟನ್ನು ಮದ್ದಾಗಿಸುವ, ಮದ್ದನ್ನು ಏಟಾಗಿಸುವ ಮ್ಯಾಜಿಕ್) ಮತ್ತು ಡಿಕಾಯ್ (ಶತ್ರುವನ್ನು ಒಬ್ಬನ ಕಡೆಗೆ ಸೆಳೆಯುವ ಮ್ಯಾಜಿಕ್) ಜೋಡಿ ಹಳೇ ಉಪಾಯ. ತಂಡದ ಬಾಷ್ ಮೇಲೆ ಎರಡನ್ನೂ ಹಾಕಿದರೆ ಡ್ರ್ಯಾಗನ್ ಅವನನ್ನೇ ಹೊಡೆಯುತ್ತದೆ, ಏಟು ಬಿದ್ದಷ್ಟೂ ಅವನ ಎಚ್‌ಪಿ ಏರುತ್ತದೆ. ಕೇಳಲು ಸುಲಭ. ಆದರೆ ಆ್ಯಶ್‌ಗೆ "ಮಿತ್ರ: ಎಚ್‌ಪಿ 50% ಕೆಳಗೆ → ಕ್ಯೂರಾಜಾ" ಅಂತ ಹಾಕಿದ್ದೆ. ಫ್ರಾನ್‌ಗೆ ಗಾಯವಾಯಿತು, ಆ್ಯಶ್ ಕ್ಯೂರಾಜಾ ಹಾಕಿದಳು, ಅದು ಅಕ್ಕಪಕ್ಕದವರಿಗೆಲ್ಲ ತಗುಲುವಂಥದ್ದು. ರಿವರ್ಸ್‌ನಲ್ಲಿದ್ದ ಬಾಷ್‌ಗೆ ಆ ಮದ್ದೇ ವಿಷ. ಡ್ರ್ಯಾಗನ್ ಕೈಯಲ್ಲಿ ಸಾಯದವನು ನಮ್ಮವಳ ಕೈಯಲ್ಲೇ ಸತ್ತ. ಅಲ್ಲಿಂದ ಸುತ್ತಲೂ ಹರಡುವ ಹೀಲ್ ಎಲ್ಲವನ್ನೂ ತೆಗೆದುಹಾಕಿ, ಹೆಸರು ಹಿಡಿದು ಬರೆದೆ: "ಮಿತ್ರ: ಫ್ರಾನ್", "ಮಿತ್ರ: ಆ್ಯಶ್". ಬಾಷ್ ಹೆಸರಿಗೆ ಹೀಲ್ ಇಲ್ಲವೇ ಇಲ್ಲ. ರಿವರ್ಸ್ ಒಂದೊಂದು ಸಲ ತಗುಲುವುದಿಲ್ಲ, ತಗುಲಿದರೂ ಬೇಗ ಇಳಿಯುತ್ತದೆ. ಒಂದೇ ಏಟಿಗೆ ಸಾವು ತರುವ ಹೊಡೆತಕ್ಕೆ ರಿವರ್ಸ್ ಕೂಡ ಅಡ್ಡ ಬರುವುದಿಲ್ಲ. ಸತ್ತವನನ್ನು ಎಬ್ಬಿಸಿ, ಡಿಕಾಯ್ ಹಾಕಿ, ರಿವರ್ಸ್ ಹಾಕುವಷ್ಟರಲ್ಲಿ ಅವನು ಮತ್ತೆ ಸಾಯಬಾರದು. ಅದಕ್ಕೆ ಬಾಷ್‌ನದೇ ಪಟ್ಟಿಯಲ್ಲಿ ಮೇಲಿನ ಮೂರು ಸಾಲುಗಳ ಒಂದು ಜೋಡಣೆ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಒಂದೆರಡು ಸಂಜೆ ಹಿಡಿಯಿತು. ಸುಸ್ತಾದಾಗ ಹೊರಗೆ ಬಂದು ಕ್ರಿಸ್ಟಲ್‌ನಲ್ಲಿ ಸೇವ್ ಮಾಡಿ ಮತ್ತೆ ಒಳಗೆ. ತಂದಿದ್ದ 99 ಫೀನಿಕ್ಸ್ ಡೌನ್‌ಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಇಷ್ಟಕ್ಕೆಲ್ಲ ಬಹುಮಾನ 30,000 ಗಿಲ್ ಮತ್ತು ಒಂದು ಬ್ಯಾಡ್ಜ್. ಗರಿ, ಔಷಧಿ ಲೆಕ್ಕ ಹಾಕಿದರೆ ಗಿಟ್ಟಿದ್ದು ಬ್ಯಾಡ್ಜ್ ಒಂದೇ. ಇದಾದ ಮೇಲೆ ಕೊನೆಯ ಬಾಸ್ ವೇನ್ ನೀರು ಕುಡಿದಷ್ಟು ಸುಲಭ. ಗಡಿಯಾರ 130 ಗಂಟೆ ಆಸುಪಾಸು ತೋರಿಸುತ್ತಿತ್ತು.

ಈಗ ನೂರು ಹಂತದ ಕಾಳಗಗಳ ಟ್ರಯಲ್ ಮೋಡ್‌ನಲ್ಲಿದ್ದೇನೆ. 99 ಹಂತ ಇದೇ ನಿಯಮದಲ್ಲಿ ದಾಟಿದೆ. ನೂರನೆಯದರಲ್ಲಿ ಐವರು ಜಡ್ಜ್‌ಗಳು (ಕವಚ ತೊಟ್ಟ ಸಾಮ್ರಾಜ್ಯದ ಅಧಿಕಾರಿಗಳು) ಒಟ್ಟಿಗೆ ಬರುತ್ತಾರೆ, ಡಿಕಾಯ್ ಹತ್ತುವಷ್ಟರಲ್ಲಿ ಆ್ಯಶ್ ನೆಲಕ್ಕೆ ಬಿದ್ದಿರುತ್ತಾಳೆ. ಮೆನು ಮುಟ್ಟದೆ ಇದನ್ನು ದಾಟಿದವರು ಯಾರಾದರೂ ಇದ್ದರೆ ನಿಮ್ಮ ಗ್ಯಾಂಬಿಟ್ ಪಟ್ಟಿ ಕಳಿಸಿ. ಬದಲಿಗೆ ಬಾಷ್‌ನ ಆ ಮೂರು ಸಾಲು ಕೊಡುತ್ತೇನೆ.