ಎರೆಮಣ್ಣಿನ ಮೇಲೆ 400 ಮೀಟರ್ ಟ್ರ್ಯಾಕ್: ನೀರು ಕಟ್ಟಿ ಮಾಡಿದ ಕೆಲಸ

ಮೂರು ಮಳೆಗಾಲ, ಮೂರು ಬೇಸಿಗೆ ದಾಟಿದವು. ಟ್ರ್ಯಾಕ್‌ನಲ್ಲಿ ಒಂದು ಬಿರುಕೂ ಇಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕೆಲಸ ಉತ್ತರ ಕರ್ನಾಟಕದ ಎರೆ ಸೀಮೆಯದು. ಒದ್ದೆಯಾದರೆ ಉಬ್ಬುವ, ಒಣಗಿದರೆ ಬಿರಿಯುವ ಕಪ್ಪು ಮಣ್ಣು. ರಾಷ್ಟ್ರಮಟ್ಟದ ಕೂಟ ನಡೆಸುವಷ್ಟು ದೊಡ್ಡ ಕ್ರೀಡಾ ಸಂಕೀರ್ಣ. 8 ಲೇನ್ ಟ್ರ್ಯಾಕ್, ಈಜುಕೊಳ, ಒಳಾಂಗಣ, ಹಾಕಿ ಮೈದಾನ, ಹಾಸ್ಟೆಲ್ ಎಲ್ಲ ಒಂದೇ ಜಾಗದಲ್ಲಿ. ನನ್ನ ಪಾಲಿಗೆ ಬಂದದ್ದು ಟ್ರ್ಯಾಕ್‌ನ ಅಡಿಪಾಯ, ಡಾಂಬರಿನವರೆಗೆ. ಮೇಲಿನ 13 ಮಿ.ಮೀ. ಸಿಂಥೆಟಿಕ್ ಹಾಸು ಬೇರೆಯವರದು.

ಇದಕ್ಕೂ ಮುಂಚೆ ಇನ್ನೊಂದು ಊರಲ್ಲಿ ಕೈ ಸುಟ್ಟುಕೊಂಡಿದ್ದೆ. ಎಲ್ಲರಂತೆ ಮುಕ್ಕಾಲು ಮೀಟರ್ ಎರೆ ತೆಗೆದು, ಗರಸು ತುಂಬಿ, ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ) ಹಾಕಿ, ಎರಡು ಪದರ ಡಾಂಬರು ಹಾಕಿದೆ. ಒಪ್ಪಿಸಿದ ದಿನ 4 ಮೀಟರ್ ಪಟ್ಟಿ ಇಟ್ಟು ನೋಡಿದರೆ ಎಲ್ಲೂ 6 ಮಿ.ಮೀ. ಮೀರಿ ಸಂದು ಇರಲಿಲ್ಲ. ಎರಡನೇ ಮಳೆಗಾಲಕ್ಕೆ ತಿರುವಿನಲ್ಲಿ 8ನೇ ಲೇನಿನ ಹೊರ ಅಂಚು ಹತ್ತಿರ ಹತ್ತಿರ 40 ಮಿ.ಮೀ. ಎದ್ದಿತು, ಬೇಸಿಗೆಗೆ ಅದೇ ಜಾಗ ಉದ್ದಕ್ಕೆ ಸೀಳಿತು. ರಿಪೇರಿಗೆ ಕೈಯಿಂದ ಹೋದದ್ದು ಸುಮಾರು 18 ಲಕ್ಷ. ಡಿಪಾಸಿಟ್ ಬೇರೆ ಮೂರು ವರ್ಷ ಸಿಕ್ಕಿಕೊಂಡಿತ್ತು. ಅಗೆದು ನೋಡಿದಾಗ ಡಾಂಬರಿನ ಕೆಳಗೆ ನಡುಭಾಗದಲ್ಲಿ ಮಣ್ಣು ಮೆತ್ತಗಿತ್ತು, ಅಂಚಿನಲ್ಲಿ ಇಟ್ಟಿಗೆ ಹಾಗೆ ಒಣಗಿತ್ತು. ಎರೆ ಒದ್ದೆಯಾದರೆ ತೊಂದರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಿಜವಾದ ತೊಂದರೆ ಅದು ಒಂದು ಕಡೆ ಒದ್ದೆ, ಒಂದು ಕಡೆ ಒಣ ಆಗುವುದು.

ದಾರಿ ತೋರಿಸಿದವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು. ಮಲಪ್ರಭಾ ಕಾಲುವೆಯಲ್ಲಿ ಎರೆ ಉಬ್ಬಿ ಲೈನಿಂಗ್ ಒಡೆಯುತ್ತಿದ್ದಾಗ ಐಐಟಿ ಮುಂಬೈನ ಪ್ರೊ. ಆರ್.ಕೆ. ಕಟ್ಟಿ ಅವರ ಸಿಎನ್‌ಎಸ್ ಪದರ ಹಾಕಿದ್ದನ್ನು ಅವರು ಹೇಳಿದರು. ಸಿಎನ್‌ಎಸ್ ಅಂದರೆ ಕೊಹೆಸಿವ್ ನಾನ್-ಸ್ವೆಲ್ಲಿಂಗ್: ಉಬ್ಬದ, ಆದರೆ ಅಂಟು ಇರುವ ಮಣ್ಣು. ಬರೀ ಗರಸು ಸಾಲದು.

ನಾನು ಸುಮ್ನೆ ನಂಬಲಿಲ್ಲ. ನಮ್ಮ ಹೊಲದಲ್ಲೇ 2 ಮೀಟರ್ ಚೌಕದ ನಾಲ್ಕು ಗುಂಡಿ ತೋಡಿದೆ. ಒಂದಕ್ಕೆ ಬರೀ ಗರಸು, ಒಂದಕ್ಕೆ ಸುಣ್ಣ, ಒಂದಕ್ಕೆ ಸಿಎನ್‌ಎಸ್, ಕೊನೆಯದಕ್ಕೆ ಮೊದಲು ತಿಂಗಳುಗಟ್ಟಲೆ ನೀರು ನಿಲ್ಲಿಸಿ ಆಮೇಲೆ ಸುಣ್ಣ, ಅದರ ಮೇಲೆ ಸಿಎನ್‌ಎಸ್. ಗೂಟ ನೆಟ್ಟು, ನೆಲ ಎಷ್ಟು ಏರಿಳಿಯುತ್ತದೆ ಅಂತ ವರ್ಷವಿಡೀ ಲೆವೆಲ್ ಹಿಡಿದೆ. ಗರಸಿನದು 30 ಮಿ.ಮೀ.ಗಿಂತ ಜಾಸ್ತಿ ಆಡಿತು. ಕೊನೆಯದು 4-5 ಅಷ್ಟೇ. ಹತ್ತಿರದ ಬೇವಿನ ಮರದ ಕಡೆಯ ಗೂಟ ಮಾತ್ರ ಬೇಸಿಗೆಯಲ್ಲಿ ಕುಸಿಯುತ್ತಿತ್ತು, ಬೇರು ನೀರು ಎಳೆಯುತ್ತದಲ್ವಾ. ಅದಕ್ಕೇ ಈ ಸಂಕೀರ್ಣದಲ್ಲಿ ಟ್ರ್ಯಾಕ್ ಸುತ್ತ ಮರದ ಸಾಲು ಬೇಡವೇ ಬೇಡ ಅಂತ ಹಟ ಹಿಡಿದೆ.

ದೊಡ್ಡ ಜಗಳ ಆದದ್ದು ಮಟ್ಟದ ವಿಚಾರಕ್ಕೆ. ಪದರಕ್ಕೆ ಜಾಗ ಬೇಕಾದರೆ ಟ್ರ್ಯಾಕ್ ಮುಕ್ಕಾಲು ಮೀಟರ್ ಮೇಲೆ ಬರಬೇಕು. ಅಷ್ಟೊತ್ತಿಗೆ ಗ್ಯಾಲರಿ, ರಸ್ತೆ, ಚರಂಡಿ ಎಲ್ಲದರ ನಕ್ಷೆ ಆಗಿತ್ತು. ಈಜುಕೊಳದ ನೀರು ಹೊರಹೋಗುವ ಪೈಪು ತಿರುವಿನ ಪಕ್ಕದಲ್ಲೇ ಇತ್ತು, ಅದು ಸೋರಿದರೆ ನನ್ನ ಕೆಲಸ ಮುಗೀತು. ಟ್ರ್ಯಾಕ್‌ಗೆ ಅಡ್ಡಕ್ಕೆ ನೂರಕ್ಕೆ ಒಂದು, ಉದ್ದಕ್ಕೆ ಸಾವಿರಕ್ಕೆ ಒಂದಕ್ಕಿಂತ ಜಾಸ್ತಿ ಇಳಿಜಾರು ಕೊಡುವಂತಿಲ್ಲ. ಆಮೇಲೆ ಹೊಂದಿಸೋಣ ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ನಾಲ್ಕು ಮೀಟಿಂಗ್ ಆದ ಮೇಲೆ ಮಟ್ಟ ಏರಿತು, ಪೈಪು ಆಚೆ ಹೋಯಿತು.

ಏಪ್ರಿಲ್‌ನಲ್ಲಿ ನೆಲ ಬಾಯಿ ಬಿಟ್ಟಾಗ ಬದು ಕಟ್ಟಿ ನೀರು ಬಿಟ್ಟೆ, ಎರೆ ಉಬ್ಬುವುದಿದ್ದರೆ ಮೊದಲೇ ಎಲ್ಲ ಕಡೆ ಒಂದೇ ಸಮ ಉಬ್ಬಲಿ ಅಂತ. ಬಿರುಕು ಅಗಲ ಇದ್ದಾಗಲೇ ನೀರು ಆಳಕ್ಕೆ ಇಳಿಯುತ್ತದೆ. ನೋಡಿದವರು ಭತ್ತ ನಾಟಿ ಮಾಡ್ತೀರಾ ಅಂತ ಕೇಳಿದರು. ಊರಿನ ಒಳಚರಂಡಿ ಘಟಕದಲ್ಲಿ ಶುದ್ಧ ಮಾಡಿದ ನೀರು, ಸುಮಾರು 250 ಟ್ಯಾಂಕರ್, 2 ಲಕ್ಷ ದಾಟಿತು. ಒಂದು ರಾತ್ರಿ ಬದು ಒಡೆದು ಗ್ಯಾಲರಿಯ ಪಾಯದ ಗುಂಡಿಗೆ ನೀರು ನುಗ್ಗಿತು, ಅದರ ಪಂಪಿನ ಖರ್ಚೂ ನನ್ನದೇ. 45 ದಿನ ಆದ ಮೇಲೆ ರೋಲರ್ ಇಳಿಸಿದೆ, ಹೂತು ಹೋಯಿತು, ಎರಡು ದಿನ ಎಳೆಯಲಾಗಲಿಲ್ಲ. ಅವಸರ ಮಾಡಿದ್ದೆ. ಮೊದಲು ಸುಣ್ಣ, ನೂರಕ್ಕೆ 5ರಂತೆ, 30 ಸೆಂ.ಮೀ. ಆಳಕ್ಕೆ ಕಲಸಿದ ಮೇಲೇ ಮೇಲ್ಮೈ ಗಟ್ಟಿಯಾದದ್ದು. ನೀರು ಸಾಕಷ್ಟು ಇಳಿದಿದೆ ಅಂತ ಕಬ್ಬಿಣದ ಸರಳಿನಿಂದ ಪರೀಕ್ಷೆ ಮಾಡುವ ರೀತಿ, ಸುಣ್ಣ ಕಲಸಿ ಎಷ್ಟು ಹೊತ್ತು ಬಿಡಬೇಕು ಅನ್ನುವ ಲೆಕ್ಕ, ಇವೆರಡು ನನ್ನ ಹತ್ತಿರವೇ ಇರಲಿ. ಇನ್ನೂ ಟೆಂಡರ್ ಹಾಕಬೇಕು.

ಅದರ ಮೇಲೆ 60 ಸೆಂ.ಮೀ. ಸಿಎನ್‌ಎಸ್. ಹೊರ ಅಂಚಿನ ಸುತ್ತ ಒಂದೂವರೆ ಮೀಟರ್ ಆಳದ ಕಾಲುವೆ ತೆಗೆದು ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ ಮುಚ್ಚಿದೆ, ಒಳಗಿನ ತೇವ ಒಳಗೇ ಇರಲಿ ಅಂತ. ಎಲ್ಲ ಸೇರಿ 28 ಲಕ್ಷದ ಆಸುಪಾಸು. 2 ಮೀಟರ್ ಎರೆ ಪೂರ್ತಿ ತೆಗೆದು ತುಂಬಿದ್ದರೆ 45 ದಾಟುತ್ತಿತ್ತು.

ಡಾಂಬರು ಮುಗಿದ ದಿನ ಟ್ರ್ಯಾಕ್ ತುಂಬ ನೀರು ಸುರಿದು ಕಾದೆವು. ಅರ್ಧ ಗಂಟೆಗೆ ಎರಡೇ ಕಡೆ ತೆಳ್ಳಗೆ ನಿಂತಿತ್ತು. ಅಳತೆಯೂ ಸರಿ ಬಂತು: 36.50 ಮೀಟರ್ ತ್ರಿಜ್ಯ, 84.39ರ ನೇರ ದಾರಿ. ಸುತ್ತಳತೆ 400ಕ್ಕಿಂತ 4 ಸೆಂ.ಮೀ. ಜಾಸ್ತಿ ಇರಬಹುದು, ಒಂದು ಮಿ.ಮೀ. ಕಮ್ಮಿ ಇರುವಂತಿಲ್ಲ. ನಮ್ಮದು 2 ಸೆಂ.ಮೀ. ಜಾಸ್ತಿ.

ಮೊನ್ನೆ ಮೇ ತಿಂಗಳಲ್ಲಿ ತಿರುವಿನ ಗೂಟಗಳ ಲೆವೆಲ್ ಮತ್ತೆ ಹಿಡಿದೆ. ಅತಿ ಹೆಚ್ಚು ಆಡಿದ್ದು 3 ಮಿ.ಮೀ. ಈಗ ಹಾಕಿ ಮೈದಾನಕ್ಕೂ ಬದು ಕಟ್ಟಿ ನೀರು ನಿಲ್ಲಿಸಿದ್ದೇವೆ. ಈ ಸಲ ಸಂಕೀರ್ಣದವರೇ ಕೇಳಿ ಕಟ್ಟಿಸಿದ್ದು.