ಬೂತಾಯಿ ಲೆಕ್ಕ: ದಕ್ಕೆಯಿಂದ ವರದಿವರೆಗೆ

ಮಲ್ಪೆ ದಕ್ಕೆಗೆ ಬೋಟ್ ಬಂತೆಂದರೆ ಮೀನು ಕೈ ಬದಲಾಗಲು ಜಾಸ್ತಿ ಹೊತ್ತು ಬೇಡ. ಅಷ್ಟರೊಳಗೆ ಯಾರೋ ಒಬ್ಬರು ಸ್ಕೇಲ್ ಹಿಡಿದು ಒಂದಷ್ಟು ಬೂತಾಯಿ ಅಳೆದು ಬರೆದುಕೊಳ್ಳಬೇಕು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೂಡ ಎಲ್ಲ ಬೋಟುಗಳನ್ನೂ ಎಣಿಸುವುದಿಲ್ಲ. ಆಯ್ದ ದಿನ ಆಯ್ದ ಬೋಟುಗಳನ್ನು ನೋಡಿ ಒಟ್ಟು ಅಂದಾಜು ಮಾಡುತ್ತದೆ. ಅಂದಾಜು ಅಂದಮೇಲೆ ಅದು ಹೇಗೆ ಬಂತು ಎಂದು ತೋರಿಸಲೂ ಬರಬೇಕು, ಅಲ್ವಾ? ಮೀನುಗಾರಿಕೆ ವಿದ್ಯಾರ್ಥಿಗಳು, ಸಹಕಾರ ಸಂಘದವರು ಸ್ವಂತ ಲೆಕ್ಕ ಇಡುವುದಾದರೆ ಹೀಗೆ ಶುರು ಮಾಡಿ.

ಮೊದಲು ಹಾಳೆ. ಒಂದು ಮೀನಿಗೆ ಒಂದು ಸಾಲು. ದಕ್ಕೆಯಲ್ಲೇ ಸರಾಸರಿ ತೆಗೆಯಬೇಡಿ, ಆಮೇಲೆ ಬಿಡಿ ಅಳತೆ ಬೇಕೆಂದರೂ ಸಿಗದು. ಉದ್ದ ಅಳೆದದ್ದು ಬಾಲದ ತುದಿವರೆಗೋ, ಬಾಲದ ಕವಲಿನವರೆಗೋ? ಹಾಳೆಯ ತಲೆಯಲ್ಲೇ ಬರೆಯಿರಿ. ಮಂಗಳೂರಿನ ಬೂತಾಯಿ ಕೊಂಕಣಿಯವರಿಗೆ ತಾರ್ಲೆ, ಕೇರಳದಲ್ಲಿ ಮತ್ತಿ. ಪಕ್ಕದಲ್ಲಿ ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್’ ಎಂಬ ವೈಜ್ಞಾನಿಕ ಹೆಸರು ಸೇರಿಸಿದರೆ ಜಗಳವೇ ಇಲ್ಲ. ಹರಾಜಿಗೆ ಬಾರದೆ ನೇರ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುವ ಮರಿಮೀನನ್ನೂ ಅಳೆಯಿರಿ. ಇಲ್ಲದಿದ್ದರೆ ಕಡಲಲ್ಲಿ ಬರೀ ದೊಡ್ಡ ಮೀನೇ ಇರುವಂತೆ ಕಾಣುತ್ತದೆ.

ಎಷ್ಟು ಮೀನು ಎಂಬುದರ ಜೊತೆಗೆ, ಎಷ್ಟು ಹೊತ್ತು ಬಲೆ ಹಾಕಿದ್ದರು ಎಂಬುದೂ ಬೇಕು. ಸುಮ್ನೆ ಹೇಳುತ್ತಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ದಡದ ಸಣ್ಣ ಮೀನುಗಾರರು ಕಾಡ್ ಮೀನು ಕಮ್ಮಿಯಾಗಿದೆ ಎನ್ನುತ್ತಿದ್ದರು. ದೊಡ್ಡ ಟ್ರಾಲರುಗಳು ಗಂಟೆಗೆ ಹಿಡಿಯುವ ಮೀನು ಮಾತ್ರ ಕಮ್ಮಿಯಾಗಿರಲಿಲ್ಲ. ಉಳಿದ ಮೀನೆಲ್ಲ ಗುಂಪುಗೂಡಿತ್ತು, ಗುಂಪನ್ನು ಹುಡುಕುವ ಯಂತ್ರ ಟ್ರಾಲರುಗಳಲ್ಲಿತ್ತು. ಆ ಅಂಕಿಯನ್ನು ನಂಬಿದ ಲೆಕ್ಕವು, ಇಲ್ಲದ ಮೀನನ್ನೂ ಇದೆ ಎಂದು ತೋರಿಸಿತು. 1992ರ ಜುಲೈ 2ರಂದು ಕಾಡ್ ಹಿಡಿಯುವುದೇ ಬಂದ್. ಆ ನಿಷೇಧ ತೆರವಾದದ್ದು 2024ರಲ್ಲಿ! ನಿಮ್ಮ ಬೋಟಿಗೆ ಹೊಸ ಎಂಜಿನ್, ಫಿಶ್ ಫೈಂಡರ್ ಬಂದರೆ ಅದನ್ನೂ ಬರೆದಿಡಿ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ಬೋಟುಗಳಿಗೆ 61 ದಿನ ನಿಷೇಧ. ಆ ದಿನಗಳಿಗೆ ಸೊನ್ನೆ ಹಾಕಬೇಡಿ, ‘ನಿಷೇಧ’ ಎಂದೇ ಬರೆಯಿರಿ.

ಇನ್ನು ಕಂಪ್ಯೂಟರ್ ಕೆಲಸ. ಮೂಲ ಫೈಲನ್ನು ಮುಟ್ಟಬೇಡಿ, 17 ಸೆಂ.ಮೀ. ಬದಲು 170 ಎಂದು ಬಿದ್ದಿದ್ದರೂ ಸರಿ. ಅದನ್ನು ಪ್ರೋಗ್ರಾಂನಲ್ಲಿ ತಿದ್ದಿ, ಕಾರಣವನ್ನೂ ಅಲ್ಲೇ ಬರೆಯಿರಿ. ಎಕ್ಸೆಲ್‌ನಲ್ಲಿ ಮೌಸ್ ಒತ್ತಿ ತಿದ್ದಿದ್ದು ತಿದ್ದಿದವರಿಗೇ ನೆನಪಿರುವುದಿಲ್ಲ. ‘ಆರ್’ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಕೋಪನ್‌ಹೇಗನ್‌ನ ಐಸಿಇಎಸ್ ಎಂಬ ಅಂತರರಾಷ್ಟ್ರೀಯ ಕಡಲ ಸಂಶೋಧನಾ ಸಂಸ್ಥೆ ಬಳಸುವ ಕ್ರಮ ನನಗೆ ಇಷ್ಟ. ಅಲ್ಲಿ ಪ್ರೋಗ್ರಾಂ ನಾಲ್ಕೇ ಭಾಗ: ಡೇಟಾ ಸಿದ್ಧಪಡಿಸಲು ಒಂದು, ಮಾಡೆಲ್ (ಅಂದಾಜು ಮಾಡುವ ಲೆಕ್ಕ) ಓಡಿಸಲು ಒಂದು, ಫಲಿತಾಂಶ ಹೊರತೆಗೆಯಲು ಒಂದು, ವರದಿಯ ಕೋಷ್ಟಕ ಮತ್ತು ಚಿತ್ರಗಳಿಗೆ ಒಂದು. ಹಾಗೇ ಅನುಸರಿಸಿ. ‘ಆರ್’ಗೆ ಸೇರಿಸಿಕೊಂಡ ಪ್ಯಾಕೇಜುಗಳ (ಹೆಚ್ಚುವರಿ ಸಾಧನಗಳ) ಆವೃತ್ತಿಯನ್ನೂ ನಮೂದಿಸಿ.

ನಂತರ ಇಡೀ ಫೋಲ್ಡರನ್ನು ಗೆಳೆಯರ ಕಂಪ್ಯೂಟರಿಗೆ ಹಾಕಿ ಎದ್ದುಹೋಗಿ. ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಪರೀಕ್ಷೆ ಹೇಗಾದೀತು? ಅವರಿಗೂ ಅದೇ ಉತ್ತರ ಬರಬೇಕು. ಅವರು ಫೋನ್ ಮಾಡಿ ಕೇಳಿದ ಪ್ರತಿ ಪ್ರಶ್ನೆಯ ಉತ್ತರ ವಿವರಣೆ ಫೈಲಿಗೆ ಸೇರಲಿ.

ಡೇಟಾವನ್ನು ಎಲ್ಲರಿಗೂ ಸಿಗುವಂತೆ ಇಡುವ ಜೆನೋಡೊದಂಥ ಜಾಲತಾಣದಲ್ಲಿ ಹಾಕುವ ಮೊದಲು ಬೋಟಿನ ನಂಬರ್, ಮೀನು ಸಿಕ್ಕ ನಿಖರ ಜಾಗ ಎರಡನ್ನೂ ತೆಗೆಯಿರಿ. ಇಲ್ಲವಾದರೆ ಮುಂದಿನ ಸಲ ಬೋಟ್ ನಡೆಸುವ ಯಾವ ತಾಂಡೇಲರೂ ಬಾಯಿ ಬಿಡುವುದಿಲ್ಲ. ಒಂದು ಪುಟದ ಕನ್ನಡ ಸಾರಾಂಶವನ್ನು ದಕ್ಕೆಯಲ್ಲೂ ಅಂಟಿಸಿ. ‘ಆ ವಾರ ತೂಫಾನ್ ಇತ್ತು, ನಾವು ಕಡಲಿಗೇ ಇಳಿದಿಲ್ಲ’ ಎಂದು ಯಾರಾದರೂ ಹೇಳಿದರೆ, ಆ ವಾರದ ಸಾಲಿನ ಪಕ್ಕ ಅದನ್ನೂ ಬರೆದುಕೊಳ್ಳಿ.