ಸ್ಪಾಟ್ ವೆಲ್ಡರ್ ಕಟ್ಟುವವರೇ, ಟೈಮರ್‌ಗಿಂತ ಮೊದಲು ತಾಮ್ರ ನೋಡಿ

ಡ್ರಿಲ್ ಮಷೀನಿನ ಬ್ಯಾಟರಿ ಕೈಕೊಟ್ಟರೆ ಒಳಗಿನ 18650 ಎಂಬ ಅಳತೆಯ ಲಿಥಿಯಂ ಸೆಲ್‌ಗಳನ್ನು ಬದಲಾಯಿಸಿ ಮತ್ತೆ ಬಳಸಬಹುದು. ಆದರೆ ಹೊಸ ಸೆಲ್‌ಗೆ ಸೋಲ್ಡರಿಂಗ್ ಐರನ್ ತಾಗಿಸಲೇಬಾರದು. ಆ ಬಿಸಿ ಒಳಗಿಳಿದು ಸೀಲನ್ನೂ ಪ್ಲಾಸ್ಟಿಕ್ ಪದರವನ್ನೂ ಹಾಳುಮಾಡುತ್ತದೆ. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುವುದೇ ಸರಿ: ನೂರಾರು ಆಂಪಿಯರ್ ಕರೆಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಹರಿದು, ಚುಕ್ಕೆಯಷ್ಟು ಜಾಗ ಮಾತ್ರ ಕರಗಿ ಕೂಡಿಕೊಳ್ಳುತ್ತದೆ.

ಇಂಥ ಯಂತ್ರವನ್ನು ಹಳೆಯ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್‌ನಿಂದ ಕಟ್ಟಬಹುದು. ಮುಂಬೈ ಪಕ್ಕದ ಠಾಣೆ, ಡೊಂಬಿವಲಿ ಕಡೆಯ ನಮ್ಮ ಹುಡುಗರು ಕಟ್ಟಿದ ಹಲವು ಯಂತ್ರಗಳನ್ನು ನೋಡಿದ್ದೇನೆ. ಹೆಚ್ಚಿನವು ಪಟ್ಟಿಯನ್ನು ಅಂಟಿಸುತ್ತವೆಯೇ ಹೊರತು ಬೆಸೆಯುವುದಿಲ್ಲ. ಉಗುರಿನಲ್ಲಿ ಎತ್ತಿದರೆ ಕಿತ್ತು ಬರುತ್ತದೆ. ದೂರು ಯಾವಾಗಲೂ ಕರೆಂಟು ಎಷ್ಟು ಹೊತ್ತು ಹರಿಯಬೇಕೆಂದು ನಿರ್ಧರಿಸುವ ಟೈಮರ್ ಮೇಲೆ. ತಪ್ಪು ಇರುವುದು ಕೇಬಲ್, ಲಗ್ (ಕೇಬಲ್ ತುದಿಗೆ ಒತ್ತುವ ಲೋಹದ ಕೊಂಡಿ), ಬೋಲ್ಟುಗಳಲ್ಲಿ.

ಮನೆಯ 230 ವೋಲ್ಟ್ ವೈರಿಂಗ್ ಕೆಲಸ ಮಾಡಿ ಅಭ್ಯಾಸವಿಲ್ಲದವರು, ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಇದಕ್ಕೆ ಕೈಹಾಕಬೇಡಿ.

ಓವನ್ ಬಿಚ್ಚುವುದು

ಭಂಗಾರದವರ (ಗುಜರಿಯವರ) ಬಳಿ ಕೆಟ್ಟ ಓವನ್ ಸಿಗುತ್ತದೆ. ಇನ್ವರ್ಟರ್ ಮಾದರಿ ಬೇಡ, ಅದರಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಎತ್ತಿದಾಗ ಒಂದು ಬದಿ ಮಾತ್ರ ಭಾರವಾಗಿದ್ದರೆ ಅದು ನಮಗೆ ಬೇಕಾದದ್ದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಒಣ ಕೈಯಲ್ಲಿ, ಇನ್ಸುಲೇಷನ್ ಇರುವ ಸ್ಕ್ರೂಡ್ರೈವರ್‌ನಿಂದ ಅದರ ಎರಡೂ ತುದಿಗಳನ್ನು ಕೂಡಿಸಿ ಖಾಲಿ ಮಾಡದೆ ಏನನ್ನೂ ಮುಟ್ಟಬೇಡಿ. ಮೈಕ್ರೋವೇವ್ ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನ್ ಒಡೆಯಬೇಡಿ, ಕೆಲವದರ ಪಿಂಗಾಣಿಯಲ್ಲಿ ವಿಷಕಾರಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಟ್ರಾನ್ಸ್‌ಫಾರ್ಮರ್‌ನ ಮೂಲ ಸೆಕೆಂಡರಿ (ಹೊರಕ್ಕೆ ವೋಲ್ಟೇಜ್ ಕೊಡುವ ಸುರುಳಿ) ಇರುವಾಗ ಪರೀಕ್ಷೆಗೆಂದು ಕೂಡ ಕರೆಂಟು ಕೊಡಬೇಡಿ. ಅದರಲ್ಲಿ ಎರಡು ಸಾವಿರ ವೋಲ್ಟ್ ಆಸುಪಾಸು ಇರುತ್ತದೆ.

ಕೂದಲೆಳೆಯಂಥ ತಂತಿಯ ಸುರುಳಿ ಸೆಕೆಂಡರಿ, ಮನೆಯ ಕರೆಂಟು ಸೇರುವ ದಪ್ಪ ತಂತಿಯದು ಪ್ರೈಮರಿ. ನಡುವೆ ದಪ್ಪ ರಟ್ಟು ಸಿಕ್ಕಿಸಿ, ಸೆಕೆಂಡರಿಯನ್ನು ಎರಡೂ ಬದಿ ಕೋರ್‌ಗೆ (ಕಬ್ಬಿಣದ ಚೌಕಟ್ಟಿಗೆ) ಸಮವಾಗಿ ಹ್ಯಾಕ್ಸಾದಲ್ಲಿ ಕೊಯ್ದು, ಉಳಿದದ್ದನ್ನು ಮರದ ತುಂಡಿಟ್ಟು ಬಡಿದು ಹೊರಹಾಕಿ. ಪ್ರೈಮರಿಗೆ ಒಂದು ಗೀರು ಬಿದ್ದರೂ ಆ ಟ್ರಾನ್ಸ್‌ಫಾರ್ಮರ್ ಭಂಗಾರಕ್ಕೇ ವಾಪಸ್. ಸುರುಳಿಗಳ ನಡುವಿನ ಎರಡು ಕಬ್ಬಿಣದ ತುಂಡುಗಳನ್ನೂ ತೆಗೆಯಿರಿ, ಅವು ಕರೆಂಟನ್ನು ತಡೆಹಿಡಿಯುತ್ತವೆ. ಕೋರ್‌ನ ವೆಲ್ಡಿಂಗ್ ಕೊಯ್ದು ಬಿಚ್ಚುವ ಅಡ್ಡದಾರಿ ಬೇಡ. ಮತ್ತೆ ಕೂಡಿಸಿದಾಗ ಸಂದು ಉಳಿದು ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ.

ಎಲ್ಲರೂ ಎಡವುವ ಜಾಗ

ಖಾಲಿಯಾದ ಜಾಗದಲ್ಲಿ ದಪ್ಪ ವೆಲ್ಡಿಂಗ್ ಕೇಬಲ್ಲನ್ನು ಎರಡು ಸುತ್ತು ಹಾಕಬೇಕು. ಒಂದೊಂದು ಸುತ್ತಿಗೂ ಸುಮಾರು ಒಂದು ವೋಲ್ಟ್, ಒಟ್ಟು ಎರಡು. ಕೂರುವುದಾದರೆ 50 ಚದರ ಮಿ.ಮೀ. ಕೇಬಲ್, ಇಲ್ಲವಾದರೆ 35. ಅದಕ್ಕಿಂತ ಸಣ್ಣದು ಬೇಡವೇ ಬೇಡ. ಜಾಗ ಸಾಲದಿದ್ದರೆ ರಬ್ಬರ್ ಸುಲಿದು ಫೈಬರ್‌ಗ್ಲಾಸ್ ಟೇಪ್ ಸುತ್ತಿ.

ಈಗ ಲೆಕ್ಕ ನೋಡಿ. ಎರಡು ವೋಲ್ಟಿನ ದಾರಿಯಲ್ಲಿ ಒಟ್ಟು ರೋಧ 3 ಮಿಲಿಓಮ್ ಇದ್ದರೆ ಸುಮಾರು 660 ಆಂಪಿಯರ್ ಹರಿಯುತ್ತದೆ. ಸಡಿಲ ಬೋಲ್ಟೊಂದು ಇನ್ನೊಂದು ಮಿಲಿಓಮ್ ಸೇರಿಸಿದರೆ ಅದು 500ಕ್ಕೆ ಇಳಿಯುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಪಟ್ಟಿಯ ಮೇಲಿನ ಶಾಖ ಹತ್ತಿರಹತ್ತಿರ ಅರ್ಧಕ್ಕೆ ಕುಸಿಯುತ್ತದೆ. ಇದನ್ನು ಯಾವ ಟೈಮರೂ ಸರಿಪಡಿಸಲಾರದು. 35 ಚದರ ಮಿ.ಮೀ. ತಾಮ್ರದ ಕೇಬಲ್ ಒಂದು ಮೀಟರ್‌ಗೆ ಅರ್ಧ ಮಿಲಿಓಮ್ ತಿನ್ನುತ್ತದೆ. ಹಾಗಾಗಿ ಟ್ರಾನ್ಸ್‌ಫಾರ್ಮರ್ ಮೇಜಿನ ಕೆಳಗೆ, ವೆಲ್ಡಿಂಗ್ ಮೇಜಿನ ಮೇಲೆ ಎಂಬ ಏರ್ಪಾಡು ನನಗೆ ಒಪ್ಪಿಗೆಯಿಲ್ಲ. ಎರಡೂ ಕೇಬಲ್‌ಗಳು ಗೇಣುದ್ದ ಇರಲಿ, ಒಂದಕ್ಕೊಂದು ಅಂಟಿಕೊಂಡೇ ಸಾಗಲಿ. ಅಗಲವಾಗಿ ಹರಡಿದರೆ ಎಸಿ ಕರೆಂಟಿಗೆ ಅದೂ ಒಂದು ತಡೆ.

ಮುಂಬೈಯ ಲೋಹಾರ್ ಚಾಳ ಮಾರುಕಟ್ಟೆಯಲ್ಲಿ ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅಲ್ಲೇ ಬಿಟ್ಟುಬನ್ನಿ. ಲಗ್ ತವರ ಲೇಪಿಸಿದ ತಾಮ್ರದ್ದೇ ಆಗಲಿ. ಅಂಚನ್ನು ಅರದಿಂದ ಉಜ್ಜಿದರೆ ಕೆಂಪು ಕಾಣಬೇಕು. ಸುತ್ತಿಗೆಯಿಂದ ಜಜ್ಜಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರುವವರ ಬಳಿ ಒತ್ತಿಸಿ. ಲಗ್ ಕೂರುವ ಮುಖವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಿರಿ. ಮುಂಬೈ ಮಳೆಗಾಲದ ತೇವಕ್ಕೆ ತಾಮ್ರ ಬೇಗ ಕಪ್ಪಾಗುತ್ತದೆ, ಮತ್ತೆ ಮತ್ತೆ ಉಜ್ಜಬೇಕಾಗುತ್ತದೆ.

ಪಟ್ಟಿಯ ಮೇಲೆ ಒತ್ತುವ ಎಲೆಕ್ಟ್ರೋಡಿಗೆ 6 ಮಿ.ಮೀ. ತಾಮ್ರದ ಸರಳು. ತುದಿಯನ್ನು ಸೂಜಿಯಂತೆ ಮಾಡದೆ, ಒಂದೂವರೆ ಎರಡು ಮಿ.ಮೀ. ಅಗಲದ ಚಪ್ಪಟೆ ಮುಖ ಬಿಡಿ. ಹಿತ್ತಾಳೆ ಬೇಡ.

ಟೈಮರ್

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. 40 ಆಂಪಿಯರ್ ಎಂದು ಅಚ್ಚೊತ್ತಿ ಒಳಗೆ ಪುಟ್ಟ ಟ್ರಯಾಕ್ (ಎಸಿ ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್) ಕೂರಿಸಿದ ಅಗ್ಗದ ಎಸ್‌ಎಸ್‌ಆರ್‌ಗಳೂ (ಎಲೆಕ್ಟ್ರಾನಿಕ್ ರಿಲೇಗಳು) ಸಿಗುತ್ತವೆ, ಎಚ್ಚರ. ನಾನು ಬಿಟಿಎ41 ಟ್ರಯಾಕ್, ಅದನ್ನು ಚಾಲೂ ಮಾಡುವ ಎಂಒಸಿ3021 ಚಿಪ್, ಹೊತ್ತು ಎಣಿಸಲು ಆರ್ಡುಯಿನೋ ಬೋರ್ಡ್ ಬಳಸುತ್ತೇನೆ. ಎಂಒಸಿ3041 ಕೊಟ್ಟರೆ ಹಿಂದಿರುಗಿಸಿ. ಅದು ವೋಲ್ಟೇಜ್ ಸೊನ್ನೆಯಲ್ಲಿದ್ದಾಗಲೇ ಚಾಲೂ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಆಗ ಒಮ್ಮೆಲೇ ಜೋರಾಗಿ ಕರೆಂಟು ಎಳೆದು ಎಂಸಿಬಿ ಬೀಳುತ್ತದೆ. ಸೊನ್ನೆಯಿಂದ 5 ಮಿಲಿಸೆಕೆಂಡ್ ಕಾದು ಎಸಿ ಅಲೆಯ ಶಿಖರದಲ್ಲಿ ಶುರುಮಾಡಬೇಕು. ಮೊದಲು 20 ಮಿಲಿಸೆಕೆಂಡಿನ ಒಂದು ಪಲ್ಸ್ (ಕ್ಷಣಮಾತ್ರದ ಕರೆಂಟು), ಸ್ವಲ್ಪ ಬಿಡುವು, ಆಮೇಲೆ 40ರ ಇನ್ನೊಂದು. ಕೆಟ್ಟ ಟ್ರಯಾಕ್ ಸಾಮಾನ್ಯವಾಗಿ ಆಫ್ ಆಗುವುದೇ ಇಲ್ಲ, ಆದ್ದರಿಂದ ಮುಖ್ಯ ಸ್ವಿಚ್ ಕೈಗೆಟುಕುವಲ್ಲಿರಲಿ. ಕೋರ್‌ಗೆ ಅರ್ಥಿಂಗ್, ಗೋಡೆಯಲ್ಲಿ 16 ಆಂಪಿಯರ್ ಸಾಕೆಟ್, ಪಲ್ಸ್ ಕೊಡಲು ಕಾಲಿನ ಸ್ವಿಚ್.

ಬೆಸುಗೆ

ಅಗ್ಗದ ನಿಕಲ್ ಪಟ್ಟಿ ಬಹುಪಾಲು ನಿಕಲ್ ಲೇಪಿಸಿದ ಉಕ್ಕು. ಅಯಸ್ಕಾಂತದಿಂದ ತಿಳಿಯುವುದಿಲ್ಲ, ಎರಡೂ ಹಿಡಿಯುತ್ತವೆ. ಗೀರಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ಇಡಿ; ತುಕ್ಕು ಬಂದರೆ ಉಕ್ಕು. ಅದು ಸುಲಭವಾಗಿ ವೆಲ್ಡ್ ಆಗುತ್ತದೆ, ಅದಕ್ಕೇ ಜನ ಮೋಸಹೋಗುವುದು. ಬಳಕೆಯಲ್ಲಿ ಬಿಸಿಯಾಗುತ್ತದೆ, ಕರಾವಳಿಯ ಹವೆಯಲ್ಲಿ ತುಕ್ಕೂ ಹಿಡಿಯುತ್ತದೆ. 0.15 ಮಿ.ಮೀ. ದಪ್ಪದ ಶುದ್ಧ ನಿಕಲ್ ಸಾಕು.

ಪಟ್ಟಿಯ ತುದಿಯ ನಡುವೆ ಕತ್ತರಿಯಿಂದ ಉದ್ದ ಸೀಳು ಹಾಕಿ, ಸೀಳಿನ ಆಚೆ ಒಂದು, ಈಚೆ ಒಂದು ಎಲೆಕ್ಟ್ರೋಡ್ ಒತ್ತಿ. ಸೀಳಿಲ್ಲದಿದ್ದರೆ ಕರೆಂಟಿನ ದೊಡ್ಡ ಪಾಲು ಪಟ್ಟಿಯ ಮೇಲೇ ಹಾದುಹೋಗುತ್ತದೆ, ಸೆಲ್ಲಿನ ಮೈಗೆ ಇಳಿಯುವುದಿಲ್ಲ. ಎರಡೂ ಕಡೆ ಒತ್ತಡ ಒಂದೇ ಸಮ ಇರಲಿ. ಕಿಡಿ ಹಾರಿದರೆ ಒತ್ತಡ ಸಾಲದು ಎಂದರ್ಥ. ಕನ್ನಡಕ ಕಡ್ಡಾಯ.

ಮೊದಲು ತಗಡಿನ ಡಬ್ಬದ ಮುಚ್ಚಳದ ಮೇಲೆ, ಆಮೇಲೆ ಪೂರ್ತಿ ಖಾಲಿಯಾದ ಹಳೆಯ ಸೆಲ್ಲಿನ ಮೇಲೆ ಕೈ ಪಳಗಿಸಿ. ಪಟ್ಟಿಯನ್ನು ಇಕ್ಕಳದಿಂದ ಎಳೆದಾಗ ನಿಕಲ್ ಹರಿದು, ಸೆಲ್ಲಿನ ಮೇಲೆ ಎರಡು ಚುಕ್ಕೆಗಳು ಉಳಿಯಬೇಕು. ಹಾಗಾಗದಿದ್ದರೆ ಪಲ್ಸ್ ಹೆಚ್ಚಿಸುವ ಮೊದಲು ಬೋಲ್ಟುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.

ಹೊಸ ಸೆಲ್ಲಿಗೆ ಕೈಹಾಕುವ ಮುನ್ನ ಧನ ತುದಿಗೆ ಬಾರ್ಲಿ ಪೇಪರಿನ (ಇನ್ಸುಲೇಷನ್ ಕಾಗದದ) ಉಂಗುರ ಅಂಟಿಸಿ. ಸೆಲ್ಲಿನ ಇಡೀ ಮೈ ಋಣ. ಅದರ ಅಂಚು ಧನ ತುದಿಯಿಂದ ಒಂದೆರಡು ಮಿ.ಮೀ. ದೂರದಲ್ಲಷ್ಟೇ ಇದೆ. ಬಿಸಿ ಪಟ್ಟಿ ಸೆಲ್ಲಿನ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಕೊಯ್ದರೆ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ.